ಕೆಮ್ಮದೆ ಬಂದ ದೊಡ್ಡಪ್ಪ

ಗೆಳೆಯರೇ, ಇವತ್ತು ಹೊಸಪೇಟೆಯ ಕಣ್ಣಾಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ನಮ್ಮ ದೊಡ್ಡಪ್ಪನನ್ನು ತಡೆದು ನಿಲ್ಲಿಸಿದಳು.

ಮದ್ರಾಸಿನಿಂದ ಬಂದ ಡಾಕ್ಟರು ನಮ್ಮವ್ವನ ಪೊರೆ ತೆಗೆದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ತಲೆ ಎತ್ತಿದರೆ ಕಣ್ಣು ಹೋದಂತೆಯೇ ಎಂದಿದ್ದಾರೆ. ಆದರೆ ಗಂಡನ ಅಣ್ಣನೆದುರು ಅವ್ವ ಈವರೆಗೆ ಕುಳಿತವಳಲ್ಲ, ಬಾಯಿ ಬಿಟ್ಟವಳಲ್ಲ. ನಿನ್ನೆ ದೊಡ್ಡಪ್ಪ ವಾಡಿಕೆಯಂತೆ ಬಾಗಿಲಲ್ಲಿ ಕೆಮ್ಮಿದ್ದೇ ತಡ, ಸೆರಗು ಎಳೆದುಕೊಂಡು ಏಳಲು ಹೋದಳು. ನರ್ಸಮ್ಮ ಓಡಿಬಂದು ಹಿಡಿದಳು.

"ಯಜಮಾನ್ರ, ಒಳಗ ಬರ್ರಿ. ಆದ್ರ ಕೆಮ್ಮಬ್ಯಾಡ್ರಿ, ಮಾತೂ ಬ್ಯಾಡ," ಎಂದಳು ಇವತ್ತು.

ಕಂಪ್ಲಿಯಿಂದ ಗಾಡಿಯಲ್ಲಿ ಬಂದು ಇಲ್ಲಿಯ ಛತ್ರದಲ್ಲಿ ಉಳಿದಿದ್ದ ದೊಡ್ಡಪ್ಪ ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳನಂತೆ ಬಂದು ಮಂಚದ ಪಕ್ಕ ಕುಳಿತರು.

"ನಿಮ್ಮ ದೊಡ್ಡಪ್ಪ ಇವತ್ತ ಬರ್ಲಿಲ್ಲೇನೋ?" ಅವ್ವ ನನ್ನನ್ನು ಕೇಳಿದಳು.

"ಇಲ್ಲವ್ವ."

"ಕಲ್ಲು ಮನಸಿನ ಮನುಷ್ಯಾ! ಅವ್ರಿಗೆ ಜ್ವರ ಬಂದಾಗ ಹದಿನೈದು ದಿನ ಗಂಜಿ ಕಾಸಿ ಕೊಟ್ಟೀನಿ. ಆಗೂ ಉಪ್ಪು ಹೆಚ್ಚಾತಂತ ಗೊಣಗಿದ್ರು."

ದೊಡ್ಡಪ್ಪ ಬಾಯಿಗೆ ಶಲ್ಯ ಒತ್ತಿಕೊಂಡು, ಹೌದೆಂದು ತಲೆಯಾಡಿಸಿದರು.

ಹೊರಗೆ ಬಂದ ಮೇಲೆ, "ನಾಳೆ ಇನ್ನೂ ಜಲ್ದಿ ಬರ್ತೀನಲೇ. ಆಕಿ ಇಷ್ಟು ಚಂದ ಬೈತಾಳಂತ ನನಗ ಗೊತ್ತೇ ಇರ್ಲಿಲ್ಲ," ಎಂದರು.

ಪಟ್ಟಿ ಬಿಚ್ಚಲು ಇನ್ನೂ ಎಂಟು ದಿನವಿದೆ. ಅವ್ವನ ಕಣ್ಣು ಉಳಿಯುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದ್ದಾರೆ. ದೊಡ್ಡಪ್ಪನ ಮರ್ಯಾದೆಯ ಬಗ್ಗೆ ಅವರೇನೂ ಹೇಳಿಲ್ಲ.