ಏಳನೇ ದಿನದ ಏರು

ಗ್ರಂಥಾಲಯದ ಬೈಂಡರ್‌ಗೂ ಅವನ ಹೆಂಡತಿಯ ತಮ್ಮನಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ತಮ್ಮನದು ಸೈಕಲ್ ಅಂಗಡಿ. ಬಾಯಿ ಅಂಗಡಿಗಿಂತ ದೊಡ್ಡದು. ಬೈಂಡರ್ ಬಾಯಿ ಬಿಡುವುದೇ ಅಪರೂಪ, ಒಳಗೆ ಮಾತ್ರ ಸದಾ ಕುದಿಯುತ್ತಿರುತ್ತಾನೆ. ಮೂವತ್ತು ವರ್ಷ ಹರಿದ ಪುಸ್ತಕಗಳ ಬೆನ್ನು ಹೊಲಿದರೂ ಚೆನ್ನಾಗಿದೆ ಎಂದವರಿಲ್ಲ.

ಈ ಬೇಸಿಗೆಯ ಸೈಕಲ್ ಪ್ರವಾಸದ ಯೋಜನೆ ಅವನದೇ. ಆರು ದಿನ ಬಯಲು, ಆರು ದಿನ ಬೆಟ್ಟ. ಗ್ರಂಥಾಲಯದವರು ಮೂಲೆಗೆಸೆದ ಹಳೆಯ ನಕ್ಷೆಯ ಹಾಳೆಗಳನ್ನು ತಂದು, ಅಂಚು ಕತ್ತರಿಸಿ, ಬಟ್ಟೆಯ ಮೇಲೆ ಜೋಡಿಸಿ ಅಂಟಿಸಿದ. ದಾರಿಯುದ್ದಕ್ಕೂ ಹೊಲಿಗೆಯ ದಾರವಿಟ್ಟು ದೂರ ಅಳೆದ. ಎಲ್ಲಿ ಊಟ, ಎಲ್ಲಿ ತಂಗುವುದು, ಯಾವ ದಿನ ಎಷ್ಟು ಬಾಟಲಿ ನೀರು, ಎಲ್ಲ ಬರೆದಿಟ್ಟ. ಮಂಡಿ ಸವೆದಿದೆ, ಮುಂದಿನ ವರ್ಷ ಪೆಡಲ್ ತುಳಿಯುವ ಮಾತೇ ಬೇಡ ಎಂದು ಡಾಕ್ಟರ್ ಹೇಳಿದ್ದರು. ಹೋದರೆ ಈಗಲೇ ಹೋಗಬೇಕಿತ್ತು.

ಭಾನುವಾರ ಅಂಗಡಿಯಲ್ಲಿ, ಜೊತೆಗೆ ಹೊರಡುವ ನಾಲ್ವರ ಎದುರಿಗೇ ಭಾವಮೈದುನ ಬಾಯಿ ಬಿಟ್ಟ.

“ಭಾವ, ಬೆಟ್ಟದ ಮೇಲೆ ನಾವು ಸೈಕಲ್ ಹೊರೋದಾ, ನಿಮ್ಮನ್ನ ಹೊರೋದಾ? ನೀವು ಆರಾಮಾಗಿ ಮನೇಲಿರಿ. ನಕ್ಷೆ ಕೊಡಿ ಸಾಕು.”

ನಾಲ್ವರೂ ಹಲ್ಲು ಕಿಸಿದರು. ಬೈಂಡರ್‌ನ ಮೈಯೆಲ್ಲ ಉರಿದುಹೋಯಿತು.

“ಶುಕ್ರವಾರ ಬಂದು ತಗೊಂಡ್ಹೋಗು,” ಎಂದಷ್ಟೇ ಹೇಳಿ ಎದ್ದು ಬಂದ.

ಸೋಮವಾರ ಕೆಲಸದ ಕೋಣೆಯಲ್ಲಿ ಕತ್ತರಿಸಿದ ಕಾಗದದ ಚೀಲ ಸುರಿದಾಗ ನಕ್ಷೆಯ ಪಟ್ಟಿಗಳು ಕಣ್ಣಿಗೆ ಬಿದ್ದವು. ಮಾಸಿದ ಅಂಚು ಕಂಡರೆ ಬೈಂಡರ್ ಕೈ ಸುಮ್ಮನಿರುವುದಿಲ್ಲ. ಪುಸ್ತಕಕ್ಕೆ ಮಾಡುವ ಹಾಗೆಯೇ ಪ್ರತಿ ಹಾಳೆಯಲ್ಲೂ ಬೆರಳಗಲ ಹಾರಿಸಿ, ರಸ್ತೆಗೆ ರಸ್ತೆ ಕೂಡಿಸಿ ಅಂಟಿಸಿಬಿಟ್ಟಿದ್ದ. ಪುಸ್ತಕದಲ್ಲಾದರೆ ಹೋಗುವುದು ಬರೀ ಬಿಳಿ ಕಾಗದ. ಇಲ್ಲಿ ಹೋಗಿದ್ದು ನೆಲ. ಬಯಲಿನಲ್ಲಿ ಅದು ಅಷ್ಟೇನೂ ಬಾಧಿಸುತ್ತಿರಲಿಲ್ಲ. ಆದರೆ ಏಳನೇ ದಿನದ ದಾರಿಯಲ್ಲಿ, ಎರಡು ಹಾಳೆ ಸೇರುವ ಕಡೆ, ಇಪ್ಪತ್ತು ಕಿಲೋಮೀಟರ್ ಕಡಿದಾದ ಏರು ಚೀಲ ಸೇರಿತ್ತು. ಅಲ್ಲಿ ಊರಿಲ್ಲ, ನೀರಿಲ್ಲ. ಆ ದಿನಕ್ಕೆ ಎರಡು ಬಾಟಲಿ ಸಾಕು ಎಂದು ಬರೆದವನು ಅವನೇ.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು. ಒಣಗಲಿ ಅವನ ಗಂಟಲು, ಆಮೇಲೆ ಮಾತಾಡಲಿ ನೋಡೋಣ, ಎಂದುಕೊಂಡು ಪಟ್ಟಿಗಳನ್ನು ಜೇಬಿಗಿಳಿಸಿದ. ಆಮೇಲಿನ ನಾಲ್ಕು ದಿನ ಹೊಟ್ಟೆ ತುಂಬ ಉಂಡು, ಚೆನ್ನಾಗಿ ನಿದ್ದೆ ಮಾಡಿದ.

ಶುಕ್ರವಾರ ಭಾವಮೈದುನ ಬಂದು ಊಟದ ಮೇಜಿನ ಮೇಲೆ ನಕ್ಷೆ ಬಿಡಿಸಿದ. ಬೆರಳಾಡಿಸಿ ನೋಡಿದ. ಜೋಡಿಸಿದ ಗುರುತೇ ಸಿಗಲಿಲ್ಲ.

“ಕೆಲ್ಸ ಮಾತ್ರ ಅಚ್ಚುಕಟ್ಟು ಭಾವ, ಒಪ್ಪಲೇಬೇಕು,” ಎಂದ. ಆಮೇಲೆ ಅಡುಗೆಮನೆಯ ಕಡೆ ಕೂಗಿದ, “ಅಕ್ಕಾ, ಸೀಟು ಇಳಿಸಿಕೊಟ್ನಲ್ಲ, ಕಾಲು ಎಟುಕುತ್ತಾ?”

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಎಟುಕುತ್ತೆ ಕಣೋ.” ಗಂಡನ ಕಡೆ ತಿರುಗಿ, “ನಿಮ್ಮ ಜಾಗ ಖಾಲಿ ಇತ್ತಲ್ಲ, ನಾನು ಹೋಗ್ತಿದೀನಿ. ಬೇಡ ಅನ್ನಬೇಡಿ,” ಎಂದಳು.

ಬೈಂಡರ್‌ನ ಕೈ ಜೇಬಿಗೆ ಹೋಯಿತು. ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟ.

“ಏಳನೇ ದಿನಕ್ಕೆ ಎರಡು ಬಾಟ್ಲಿ ಸಾಲದು. ಇಷ್ಟು ದಾರಿ ಬಿಟ್ಟುಹೋಗಿದೆ. ನನ್ನ ಕತ್ತರಿಯ ತಪ್ಪು.”

“ಇದೇನ್ ಭಾವ! ನೀರಿಲ್ದೆ ಸಾಯ್ತಿದ್ವಲ್ರೀ ಅಲ್ಲಿ!” ಎಂದು ಭಾವಮೈದುನ ಎಗರಾಡಿದ.

ಹೆಂಡತಿ ಎಗರಾಡಲಿಲ್ಲ. ಪಟ್ಟಿಯನ್ನು ಅದರ ಜಾಗದಲ್ಲಿಟ್ಟು, ಸುತ್ತಿ ಸುತ್ತಿ ಹತ್ತುವ ರಸ್ತೆಯನ್ನು ನೋಡಿದಳು.

“ಯಾವತ್ತು ಗೊತ್ತಾಯ್ತು ನಿಮಗೆ?”

ಈಗ ತಾನೇ ಎನ್ನಬಹುದಿತ್ತು. ಸುಳ್ಳು ಅವನ ಬಾಯಿಗೆ ಬೇಗ ಬರುವುದಿಲ್ಲ.

“ಸೋಮವಾರ.”

“ನಾನು ಹೋಗ್ತೀನಿ ಅನ್ದೇ ಇದ್ದಿದ್ರೆ?”

ಬೈಂಡರ್ ಉಗುರಿಗೆ ಮೆತ್ತಿದ್ದ ಗೋಂದು ಕೆರೆಯುತ್ತ ನಿಂತ.

ಅವಳು ಕುರ್ಚಿ ಎಳೆದುಕೊಂಡು ನಕ್ಷೆಯ ಮುಂದೆ ಕೂತಳು. ಮುಖ ನೋಡದೆಯೇ ಗಂಡನ ಕಡೆ ಕೈ ಚಾಚಿದಳು.

“ಕತ್ತರಿ, ಗೋಂದು ಎರಡೂ ಇಲ್ಲಿ ಕೊಡಿ. ನಾನೇ ಅಂಟಿಸ್ತೀನಿ.”