ಟಾಕಿಗೆ ಬೀಗ ಹಾಕಿಸಿದ ಹೆಣ್ಣುಮಗಳು

ಹೊಸ ತೊಗರಿಬೇಳೆಯ ಚೀಲ ಬಿಚ್ಚಿದಾಗ ಬರುವ ಒಣ ವಾಸನೆ ನಿಮಗೂ ಗೊತ್ತಿರಬೇಕು. ಹೋದ ತಿಂಗಳು ನಮ್ಮ ಅಡುಗೆಮನೆಯಲ್ಲಿ ಅದು ಹರಡಿದ್ದೇ ತಡ, ಆಳಂದದ ದಾಲ್‌ಮಿಲ್ಲಿನಲ್ಲಿ ನಾನು ಸೂಪರ್‌ವೈಸರ್ ಆಗಿದ್ದ ದಿನಗಳು ನೆನಪಾದವು. ಸೂಪರ್‌ವೈಸರ್ ಎಂದರೆ ದೊಡ್ಡದೇನಲ್ಲ, ದಿನವಿಡೀ ಕೂಗುವ ಕೆಲಸ.

ಅಲ್ಲಿ ತೊಗರಿ ತುಂಬುವ ಮೂರಾಳೆತ್ತರದ ತಗಡಿನ ಟಾಕಿಯೊಂದಿತ್ತು. ಕೆಳಗಿನ ಬಾಗಿಲು ತೆರೆದರೆ ಕಾಳು ಮಿಷಿನ್ನಿಗೆ ಇಳಿಯಬೇಕು. ಆಗಾಗ ಗಂಟುಕಟ್ಟಿ ನಿಂತುಬಿಡುತ್ತಿತ್ತು. ಆಗ ಸರಸಂಬಾ ಊರಿನ ಕೂಲಿಯಾಳು ಮಹಿಬೂಬ್ ಮೇಲಿನಿಂದ ಒಳಗಿಳಿದು ಕೋಲಿನಿಂದ ತಿವಿಯುತ್ತಿದ್ದ. ಕೆಳಗಿನ ಬಾಗಿಲು ತೆರೆದೇ ಇರುತ್ತಿತ್ತು. "ಲಗೂ ಇಳೀಲೇ" ಎಂದು ಅವಸರ ಮಾಡುತ್ತಿದ್ದವನು ನಾನೇ.

ಒಂದು ಮಧ್ಯಾಹ್ನ ಕಾರ್ಖಾನೆ ಇನ್‌ಸ್ಪೆಕ್ಟರ್ ಬಂದರು. ಹೆಗಲಿಗೆ ಚೀಲ, ಕಾಲಿಗೆ ದಪ್ಪ ಬೂಟು, ಮೂವತ್ತು ದಾಟಿರದ ಹೆಣ್ಣುಮಗಳು. ಇನ್‌ಸ್ಪೆಕ್ಟರ್ ಎಂದರೆ ಚಹಾ, ರಿಜಿಸ್ಟರು, ಒಂದು ಸಹಿ ಎಂದಷ್ಟೇ ತಿಳಿದಿದ್ದ ನಾನು ಚಹಾ ತರಿಸಿದೆ. ಅವರು ಮುಟ್ಟಲಿಲ್ಲ. ಏಣಿ ಹತ್ತುತ್ತಿದ್ದ ಮಹಿಬೂಬನನ್ನು ಕಂಡು, "ಅಣ್ಣಾರ, ಒಳಗ ಇಳೀಬ್ಯಾಡ್ರಿ. ಕೆಳಗ ಬರ್ರಿ" ಎಂದರು.

"ದಿನಾ ಇಳೀತೇನ್ರಿ ಮೇಡಂ, ಏನೂ ಆಗಿಲ್ಲ" ಎಂದು ಅವನು ನಕ್ಕ.

ಅವರು ವಾದ ಮಾಡಲಿಲ್ಲ. ತೊಗರಿ ತುಂಬಿದ ಚೀಲವೊಂದಕ್ಕೆ ಹಗ್ಗ ಕಟ್ಟಿಸಿ ಟಾಕಿಯೊಳಗೆ ಕಾಳಿನ ಮೇಲೆ ಇಳಿಸಲು ಹೇಳಿದರು. ನಾವು ಹೊರಗೇ ನಿಂತು ಉದ್ದನೆಯ ಗಳದಿಂದ ಗಂಟು ಬಿಡಿಸಿದೆವು. ಕಾಳು ಸರ್ರನೆ ಜಾರಿತು. ಚೀಲ ಓರೆಯಾಯಿತು, ಹತ್ತೆಣಿಸುವುದರೊಳಗೆ ಪೂರಾ ಮುಳುಗಿತು. ಅವರು ಕೆಳಗಿನ ಬಾಗಿಲು ಮುಚ್ಚಿಸಿದರು.

"ಈಗ ಎಳೀರಿ."

ನಾಲ್ವರು ಎಳೆದೆವು. ಅಂಗೈ ಸುಲಿಯಿತು, ಚೀಲ ಮಿಸುಕಲಿಲ್ಲ.

"ಈ ಚೀಲಕ್ಕ ಉಸುರಿಲ್ಲ, ಅದಕ್ಕ ನಾವು ಆರಾಮ ನಿಂತು ನೋಡಾಕತ್ತೇವಿ" ಎಂದರು ಅವರು, ಮೆಲ್ಲಗೆ.

ಮಹಿಬೂಬ್ ತನ್ನ ಕೋಲನ್ನು ಅಲ್ಲೇ ಕೆಳಗಿಟ್ಟ. ನನಗೆ ಅವನ ಮುಖ ನೋಡಲಾಗಲಿಲ್ಲ. ಆ ಹೆಣ್ಣುಮಗಳ ಎದುರು ಎಂಥದೋ ಭಯಭಕ್ತಿ ಮೂಡಿತು. ಇನ್ನೂ ಬಾರದ ಸಾವೊಂದನ್ನು ಅವರು ಹಾಡಹಗಲೇ ನಮ್ಮ ಕೈಗೆ ಮುಟ್ಟಿಸಿದ್ದರು. ಮಾಲೀಕರು ಎಷ್ಟು ಗೊಣಗಿದರೂ ಇನ್‌ಸ್ಪೆಕ್ಟರ್ ಟಾಕಿಗೆ ಬೀಗ ಹಾಕಿಸಿದರು. ಹೊರಗಿನಿಂದಲೇ ಕಾಳು ಬಿಡಿಸುವ ವ್ಯವಸ್ಥೆಯಾಗುವವರೆಗೆ ತೆರೆಯಕೂಡದೆಂದು ಬರೆದುಕೊಟ್ಟು, ಅಫಜಲಪುರದ ಬಸ್ಸು ಹಿಡಿದರು. ನಾನು ಹೆಸರನ್ನೂ ಕೇಳಿಕೊಳ್ಳಲಿಲ್ಲ.

ಮೊನ್ನೆ ಜೇವರ್ಗಿಯಲ್ಲಿ ಬೀಗರ ಮಿಲ್ಲು ನೋಡಲು ಹೋಗಿದ್ದೆ. ಒಬ್ಬಾತ ಅಂಥದೇ ಟಾಕಿಯೊಳಗೆ ಕಾಲಿಡುತ್ತಿದ್ದ. ಬೀಗರೆದುರು ತುಟಿ ಬಿಚ್ಚದ ನಾನು ಗಟ್ಟಿಯಾಗಿ ಕೂಗಿಬಿಟ್ಟೆ.

"ಯಾರ್ರಿ ನೀವು? ಆಫೀಸರೇನ್ರಿ?" ಎಂದ ಅವನು ಸಿಟ್ಟಿನಿಂದ.

"ಅಲ್ಲಪಾ. ಒಬ್ಬನ್ನ ದಿನಾ ಇಂಥಾದ್ರಾಗ ಇಳಿಸ್ತಿದ್ದವ ನಾನು. ನೀ ಮದಲ ಹೊರಗ ಬಾ."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಕಾಲು ಹೊರಗೆ ತೆಗೆದ.