ಯಜಮಾನರ ನೀಲಿ ಗೆರೆ

ಬೆಳಕು ಹರಿಯುವ ಮೊದಲು ವೈಜಯಂತಿ ನೀರು ಬಂತೇ ಎಂದು ನೋಡಿ ಡ್ರಮ್ ತುಂಬಿಸಬೇಕು, ಗೀಸರ್ ಹಾಕಬೇಕು, ರಾತ್ರಿಯ ಪಾತ್ರೆ ತೊಳೆಯಬೇಕು, ಹಾಲು ಕಾಯಿಸಬೇಕು, ಅತ್ತೆಗೆ ಮಾತ್ರೆಗೆ ಬಿಸಿನೀರು, ಮಾತ್ರೆಯ ನಂತರ ಕಾಫಿ ಕೊಡಬೇಕು, ಚಟ್ನಿ ರುಬ್ಬಬೇಕು, ಗಂಡನ ಡಬ್ಬಿಗೆ ಪಲ್ಯ ಮಾಡಬೇಕು, ಅವರ ಅಂಗಿಗೆ ಇಸ್ತ್ರಿ ಹಾಕಬೇಕು. ಅದೇ ಹೊತ್ತಿನಲ್ಲಿ ಗಂಡ ಇಂದುಶೇಖರರಿಗೆ ಇರುವ ಕೆಲಸ ಒಂದೇ, ಮಗ್ಗುಲು ಬದಲಿಸುವುದು. ಅದನ್ನು ಅವರು ಯಾರ ಸಹಾಯವೂ ಇಲ್ಲದೆ ಮಾಡುತ್ತಾರೆ.

ದೇಶದ ರಾಜಧಾನಿಯಲ್ಲಿ, ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ. ಇಂದುಶೇಖರರು ಸೆಕ್ಷನ್ ಆಫೀಸರ್. ಮಗಳು ಹಾಸ್ಟೆಲಿಗೆ ಹೋದ ಮೇಲೆ ವೈಜಯಂತಿ ಪೀತಮ್‌ಪುರದ ಒಂದು ಸಂಸ್ಥೆಯಲ್ಲಿ ಒಳಾಂಗಣ ವಿನ್ಯಾಸದ ಡಿಪ್ಲೊಮಾಗೆ ಸೇರಿದಳು. "ಹೋಗು, ಟೈಮ್ ಪಾಸ್ ಆಗುತ್ತೆ" ಎಂದು ಯಜಮಾನರು ಉದಾರವಾಗಿ ಒಪ್ಪಿದರು. ಅವಳ ಬಳಿ ಸಮಯ ಹೇರಳವಾಗಿ ಬಿದ್ದಿರುವುದನ್ನು ಅವರು ಮಲಗಿದಲ್ಲಿಂದಲೇ ಗಮನಿಸಿದ್ದರು.

ಅಲ್ಲಿ ಅವಳು ಮೊದಲು ಪೆನ್ಸಿಲಿನಲ್ಲಿ ಗೆರೆ ಎಳೆಯಲು ಕಲಿತಳು. ಆಮೇಲೆ ರಟ್ಟು ಕತ್ತರಿಸಿ ಪುಟ್ಟ ಮನೆ ಕಟ್ಟಲು, ಕೊನೆಗೆ ಅದೇ ಮನೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಲು. ಪಾಠ ಹೇಳುವ ಭಾಟಿಯಾ ಮೇಡಂ ಗೆರೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಇರುವುದಕ್ಕೆ ಪೂರ್ತಿ ಗೆರೆ, ಇನ್ನೂ ಆಗಬೇಕಾದದ್ದಕ್ಕೆ ತುಂಡು ತುಂಡು ಗೆರೆ. ಇದನ್ನು ತಪ್ಪಿದವರ ನಕ್ಷೆಯನ್ನು ಅವರು ನೋಡುತ್ತಲೇ ಇರಲಿಲ್ಲ.

ಮೊದಲ ವರ್ಷದ ಪರೀಕ್ಷೆಗೆ ತಮ್ಮದೇ ಮನೆಯ ಅಡುಗೆಮನೆಯನ್ನು ಹೊಸದಾಗಿ ರೂಪಿಸಬೇಕಿತ್ತು. ಅದಕ್ಕೂ ಮೊದಲು, ಈಗ ಆ ಮನೆಯಲ್ಲಿ ಯಾರು ಎಲ್ಲೆಲ್ಲಿ ಓಡಾಡುತ್ತಾರೆ ಎಂದು ತೋರಿಸಬೇಕು. ವೈಜಯಂತಿ ರಟ್ಟಿನ ಮನೆಗೆ ಗುಂಡುಸೂಜಿ ಚುಚ್ಚಿ ಉಣ್ಣೆಯ ದಾರ ಸುತ್ತಿದಳು. ತನಗೆ ಕೆಂಪು, ಅತ್ತೆಗೆ ಹಳದಿ, ಗಂಡನಿಗೆ ನೀಲಿ. ಕಂಪ್ಯೂಟರಿನ ನಕ್ಷೆಯಲ್ಲೂ ಅದೇ ಬಣ್ಣದ ಗೆರೆಗಳು. ಕೆಂಪು ಉಂಡೆಯನ್ನು ಅಡುಗೆಮನೆಯೊಂದೇ ನುಂಗಿತು; ಸಿಂಕಿನ ಮುಂದೆ ಗುಬ್ಬಿಗೂಡಿನಂಥ ಗಂಟು. ನೀಲಿ ಮಾತ್ರ ಹಾಸಿಗೆಯಿಂದ ಬಚ್ಚಲಿಗೆ, ಅಲ್ಲಿಂದ ಸೋಫಾಕ್ಕೆ, ಊಟದ ಮೇಜಿಗೆ, ಬಾಗಿಲಿಗೆ ಹೋಗಿ ನಿಂತಿತು. ಉಳಿದ ನೀಲಿಯಲ್ಲಿ ಒಂದು ಸ್ವೆಟರ್ ಹೆಣೆಯಬಹುದಿತ್ತು.

ಭಾನುವಾರ ಇಂದುಶೇಖರರ ಕಣ್ಣು ಅದರ ಮೇಲೆ ಬಿತ್ತು.

"ಇದೇನು, ನಾನು ಅಡುಗೆಮನೆಗೇ ಬರಲ್ವಾ?"

"ಯಾವಾಗ ಬಂದಿದ್ರಿ ಹೇಳಿ, ದಾರ ಎಳೀತೀನಿ."

"ನಿಂಗೆ ಟೈಫಾಯ್ಡ್ ಆದಾಗ ಟೀ ಮಾಡಲಿಲ್ವಾ?"

"ಸಕ್ಕರೆ ಎಲ್ಲಿದೆ ಅಂತ ಕೇಳೋಕೆ ಮಂಚದ ಹತ್ರ ಬಂದ್ರಿ. ನಾನೇ ಎದ್ದು ಮಾಡ್ದೆ."

ಅತ್ತೆ ರತ್ನಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಪಾಪ, ನನ್ನ ಮಗನ್ನ ಸೋಫಾಕ್ಕೆ ಕಟ್ಟಿಹಾಕಿದೀಯಲ್ಲೇ. ದೇವರ ಮನೆಗಾದ್ರೂ ಕರ್ಕೊಂಡು ಹೋಗು."

"ಅವರು ಹೋದ ದಿನ ಕರ್ಕೊಂಡು ಹೋಗ್ತೀನಿ ಅತ್ತೆ."

ಇಂದುಶೇಖರರ ಚಿಂತೆ ಬೇರೆ. ಪರೀಕ್ಷೆಯ ದಿನದ ಪ್ರದರ್ಶನಕ್ಕೆ ಅವರ ಮೇಲಧಿಕಾರಿಯ ಹೆಂಡತಿ ಬರುವವರಿದ್ದರು. "ಈ ದಾರ ಎಲ್ಲಾ ಕಿತ್ತುಹಾಕು. ಕಂಪ್ಯೂಟರ್ ನಕ್ಷೆಯಲ್ಲಿ ನನ್ನ ಗೆರೆ ಅಡುಗೆಮನೆಗೆ ಹೋಗಲಿ, ಒಲೆ ಮುಟ್ಟಿ ಸಿಂಕಿನವರೆಗೆ. ಇಲ್ಲಾಂದ್ರೆ ಈ ಕೋರ್ಸೇ ಸಾಕು, ಮನೇಲಿರು."

ಅಷ್ಟಕ್ಕೇ ಬಿಡಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತರು. "ಇನ್ನೂ ಸ್ವಲ್ಪ ಎಡಕ್ಕೆ. ಫ್ರಿಜ್ ಹತ್ರಾನೂ ಹೋಗಲಿ. ಅಚ್ಛಾ, ಈಗ ದಪ್ಪ ಮಾಡು." ಅವರು ಅಡುಗೆಮನೆಯಲ್ಲಿ ಅಷ್ಟು ಹೊತ್ತು ಕಳೆದದ್ದು ಅದೇ ಮೊದಲು, ಅದೂ ಪರದೆಯ ಮೇಲೆ. ದಣಿವಾಗಿ ಕಾಫಿ ಕೇಳಿದರು. ವೈಜಯಂತಿ ಎದ್ದು ಹೋಗಿ ಮಾಡಿ ತಂದಳು.

ಪರೀಕ್ಷೆಯ ಬೆಳಿಗ್ಗೆ ಅವಳು ದಾರ ಕಿತ್ತ ರಟ್ಟಿನ ಮನೆಯನ್ನೂ ಹಿಡಿದುಕೊಂಡು ಎಂದಿಗಿಂತ ಬೇಗ ಹೊರಟು, ಪೀತಮ್‌ಪುರದ ಪ್ರಿಂಟ್ ಅಂಗಡಿಯಲ್ಲಿ ಕುಳಿತಳು. ಪರದೆಯ ಮೇಲೆ ನೀಲಿ ಗೆರೆ ಸಿಂಕಿನವರೆಗೆ ದಪ್ಪವಾಗಿ ಹರಿದಿತ್ತು. ಅಳಿಸಿದರೆ ಕೋರ್ಸು ಇವತ್ತಿಗೇ ಮುಗಿಯಿತು. ಹಾಗೇ ಬಿಟ್ಟರೆ, ಕಲಿತದ್ದೆಲ್ಲ ಇದನ್ನು ಬರೆಯುವುದಕ್ಕೇ ಎಂದಾಗುತ್ತದೆ.

ಫೋನ್ ಬಂತು. ಇಂದುಶೇಖರರು. "ಗೀಸರ್ ಸ್ವಿಚ್ ಎಲ್ಲಿದೆ?"

"ಬಚ್ಚಲ ಬಾಗಿಲ ಪಕ್ಕ. ಹದಿನಾಲ್ಕು ವರ್ಷದಿಂದ ಅಲ್ಲೇ ಇದೆ."

ಫೋನ್ ಮಗುಚಿಟ್ಟಳು. "ನಿಕಾಲ್ ದೂಂ, ಮೇಡಂ?" ಎಂದು ಅಂಗಡಿಯವನು ಪ್ರಿಂಟರಿನ ಗುಂಡಿಯ ಮೇಲೆ ಬೆರಳಿಟ್ಟು ಕೇಳಿದ.

"ರುಕೋ, ಭಯ್ಯಾ," ಎಂದು ಅವನನ್ನು ತಡೆದಳು.

ಅವಳು ಮೌಸ್ ಹಿಡಿದು ಊಟದ ಮೇಜಿನಿಂದ ಅಡುಗೆಮನೆಗೆ ಹೋದ ನೀಲಿಯನ್ನು ಮಾತ್ರ ಆರಿಸಿದಳು. ಒಂದಿಷ್ಟೂ ಅಳಿಸಲಿಲ್ಲ. ಯಜಮಾನರು ಕೇಳಿದಷ್ಟೇ ಉದ್ದ, ಕೇಳಿದಷ್ಟೇ ದಪ್ಪ ಉಳಿಸಿ, ತುಂಡು ತುಂಡು ಮಾಡಿದಳು. ಮೂಲೆಯಲ್ಲಿ ಗೆರೆಗಳ ಅರ್ಥ ಬರೆಯುವ ಜಾಗದಲ್ಲಿ ಅದರ ಮುಂದೆ ಬರೆದಳು: ಇನ್ನೂ ಆಗಬೇಕಾದದ್ದು.

"ರಂಗೀನ್ ನಿಕಾಲೋ," ಎಂದು ಬಣ್ಣದಲ್ಲೇ ತೆಗೆಯಲು ಹೇಳಿದಳು. ಆಮೇಲೆ ಚೀಲದಿಂದ ಕೆಂಪು ಉಣ್ಣೆ ತೆಗೆದು, ರಟ್ಟಿನ ಮನೆಯ ಸಿಂಕಿಗೆ ಮೊದಲ ಸುತ್ತು ಹಾಕಿದಳು.